ದೊಡ್ಡ ಪಂಪ್ ಹಾಕಿದರೆ ಮುಗಿಯಿತೇ?

ಎಲ್‌ಎಸ್ ಎಂಜಿನ್‌ಗೆ (ಜನರಲ್ ಮೋಟರ್ಸ್‌ನ ವಿ8) ಟರ್ಬೊ ಕೂರಿಸುವಾಗ ದೊಡ್ಡ ಇಂಧನ ಪಂಪ್ ಸಾಕು, ಹೆಚ್ಚಾದ ಇಂಧನವನ್ನು ಟ್ಯಾಂಕ್‌ಗೆ ಮರಳಿಸುವ ರಿಟರ್ನ್ ಲೈನ್ ಬೇಕಿಲ್ಲ ಎಂದು ಲೇಖನವೊಂದು ಹೇಳುತ್ತದೆ. ಇದನ್ನು ಒಪ್ಪಲಾಗದು. ರಿಟರ್ನ್ ಲೈನ್ ಇಲ್ಲದೆ ಫ್ಯುಯೆಲ್ ರೈಲಿನಲ್ಲಿ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆ) ಒತ್ತಡ 4 ಬಾರ್‌ಗೇ ನಿಂತು, ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ 1 ಬಾರ್ ಬೂಸ್ಟ್ (ಟರ್ಬೊದ ಗಾಳಿಯೊತ್ತಡ) ಬಂದರೆ ಇಂಜೆಕ್ಟರ್‌ಗೆ ಉಳಿಯುವುದು 3 ಬಾರ್ ವ್ಯತ್ಯಾಸ ಮಾತ್ರ. ಇಂಧನ ಸುಮಾರು 13% ಕಡಿಮೆಯಾಗುತ್ತದೆ, ಅದೂ ಎಂಜಿನ್‌ಗೆ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ. ಪಿಸ್ಟನ್ ಸುಡುವುದು ಹೀಗೆಯೇ.

ಕ್ರಮ ಹೀಗಿರಲಿ: ಪಂಪ್, 10 ಮೈಕ್ರಾನ್ ಫಿಲ್ಟರ್, ರೈಲು, ಆಮೇಲೆ ಒತ್ತಡ ಹಿಡಿದಿಡುವ ರೆಗ್ಯುಲೇಟರ್, ಅಲ್ಲಿಂದ ಟ್ಯಾಂಕ್. ರೆಗ್ಯುಲೇಟರ್ 1:1 ಬೂಸ್ಟ್ ರೆಫರೆನ್ಸ್‌ನದ್ದಾಗಿರಬೇಕು, ಅಂದರೆ ಬೂಸ್ಟ್ ಎಷ್ಟು ಏರಿದರೆ ರೈಲಿನ ಒತ್ತಡವೂ ಅಷ್ಟೇ ಏರಬೇಕು. ಹಳೆಯ ಫಿಲ್ಟರ್-ರೆಗ್ಯುಲೇಟರ್ ತೆಗೆಯಲು ಮರೆಯಬೇಡಿ, ಅದಿದ್ದರೆ ಒತ್ತಡ ಅಲ್ಲಿಯೇ ಸೋರಿಹೋಗುತ್ತದೆ. ಮ್ಯಾನಿಫೋಲ್ಡ್‌ನಿಂದ ರೆಗ್ಯುಲೇಟರ್‌ಗೆ ಬರುವ ವ್ಯಾಕ್ಯೂಮ್ ಮೆದುಗೊಳವೆ ಕಳಚಿ, ಅದರ ಬಾಯಿ ಮುಚ್ಚಿ, ಐಡಲ್‌ನಲ್ಲಿ 4 ಬಾರ್‌ಗೆ ಹೊಂದಿಸಿ. ಮತ್ತೆ ಜೋಡಿಸಿದಾಗ ಅರ್ಧ ಬಾರ್ ಆಸುಪಾಸು ಇಳಿಯಬೇಕು. ರೆಗ್ಯುಲೇಟರ್‌ನ ಸ್ಕ್ರೂ ಪೂರ್ತಿ ಸಡಿಲಿಸಿದರೂ ಒತ್ತಡ ಇಳಿಯದಿದ್ದರೆ ರಿಟರ್ನ್ ಲೈನ್ ಸಪೂರವಾಗಿದೆ, ಇಲ್ಲವೇ ಎಲ್ಲೋ ಮಡಚಿಕೊಂಡಿದೆ. ರೆಗ್ಯುಲೇಟರನ್ನು ಬೈಯಬೇಡಿ.

ಪಂಪ್ ಆರಿಸುವಾಗ 5 ಬಾರ್‌ನಲ್ಲಿ ಅದು ಎಷ್ಟು ಲೀಟರ್ ಕೊಡುತ್ತದೆ ನೋಡಿ. ಡಬ್ಬದ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಕಡಿಮೆ ಒತ್ತಡದ್ದು. ಬ್ಯಾಟರಿಯಿಂದ ಫ್ಯೂಸ್, ರಿಲೇ ಸಹಿತ ದಪ್ಪ ವೈರ್ ಎಳೆಯಿರಿ. ವೋಲ್ಟೇಜ್ ಬಿದ್ದರೆ ಹರಿವೂ ಬೀಳುತ್ತದೆ. ಎಥನಾಲ್ ಹೆಚ್ಚಿರುವ ಇಂಧನಕ್ಕೆ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ ಮೆದುಗೊಳವೆ ಒಳ್ಳೆಯದು. ರಿಟರ್ನ್ ತುದಿ ಪಂಪ್ ಹೀರುವ ಜಾಗದ ಪಕ್ಕದಲ್ಲೇ ಸುರಿದರೆ ನೊರೆ, ಗಾಳಿಗುಳ್ಳೆ ಒಳಸೇರುತ್ತವೆ.

ಬಹಳ ಮಂದಿ ಬಿಡುವುದು ಟ್ಯೂನಿಂಗ್. ಇಸಿಯುವಿನ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರ್ ಫ್ಲೋ ಟೇಬಲ್ ಮ್ಯಾನಿಫೋಲ್ಡ್ ವ್ಯಾಕ್ಯೂಮ್‌ಗೆ ತಕ್ಕಂತೆ ಏರಿಳಿಯುತ್ತದೆ. ರಿಟರ್ನ್ ಲೈನ್, ಹೊಸ ರೆಗ್ಯುಲೇಟರ್ ಹಾಕಿದ ನಂತರ ಎಲ್ಲ ಕೋಶಗಳಲ್ಲೂ ಒಂದೇ ಮೌಲ್ಯ ತುಂಬಬೇಕು. ಇಲ್ಲದಿದ್ದರೆ ಐಡಲ್‌ನಲ್ಲಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಇಂಧನ ಕಡಿಮೆ ಬೀಳುತ್ತದೆ.