ರಸ್ತೆ ಕಿತ್ತಿದೆ, ಎಂ.ಬಿ. ಗಟ್ಟಿಯಾಗಿದೆ

ನಮ್ಮ ಬೀದಿಯ ಹೊಸ ಡಾಂಬರು ಒಂದೇ ಮಳೆಗೆ ಕಿತ್ತುಬಂದಿದೆ. ಪಕ್ಕದ ಬೋರ್ಡು ಮಾತ್ರ ಅಲ್ಲಾಡಿಲ್ಲ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಮುಗಿದ ದಿನಾಂಕ, ಎಲ್ಲ ಅಚ್ಚುಕಟ್ಟು. ಬೋರ್ಡು ನೆಟ್ಟವರಿಗೇ ರಸ್ತೆ ಟೆಂಡರನ್ನೂ ಕೊಡಬಹುದಿತ್ತು.

ಆದರೆ ಎಂಜಿನಿಯರುಗಳನ್ನು ಸುಮ್ನೆ ಬೈಬೇಡಿ. ಮುಗಿದ ಕೆಲಸ ಒಪ್ಪಿಕೊಳ್ಳೋಕೆ ಅವರಲ್ಲಿ ಎಂಥ ಕಟ್ಟುನಿಟ್ಟು ಗೊತ್ತಾ! ಎಂ.ಬಿ. ಅಂತ ಒಂದು ಅಳತೆ ಪುಸ್ತಕ ಇದೆ. ಜೆಇ, ಅಂದರೆ ಜೂನಿಯರ್ ಎಂಜಿನಿಯರ್ ಸಾಹೇಬರು ಟೇಪು ಹಿಡಿದು ಉದ್ದ, ಅಗಲ, ದಪ್ಪ ಬರೆಯಬೇಕು. ಮೇಲಿನವರು ತಾಳೆ ನೋಡಬೇಕು. ಹಾಳೆ ಹರಿಯೋ ಹಾಗಿಲ್ಲ, ಪುಟಕ್ಕೆಲ್ಲ ನಂಬರ್ ಇದೆ. ತಪ್ಪಾದರೆ ಅಳಿಸೋ ಹಾಗೂ ಇಲ್ಲ, ಗೀಟು ಹೊಡೆದು ಪಕ್ಕದಲ್ಲಿ ಸಹಿ ಹಾಕಬೇಕು. ಪುಸ್ತಕದಲ್ಲಿ ಒಂದು ಅಂಕಿ ಅಳಿಸಿದರೆ ವಿಚಾರಣೆ. ರಸ್ತೆಯೇ ಅಳಿಸಿಹೋದರೆ? ಇನ್ನೊಂದು ಎಸ್ಟಿಮೇಟ್.

ಉದ್ದ, ಅಗಲ ಬಿಡಿ, ಎಲ್ಲರ ಕಣ್ಣಿಗೂ ಕಾಣುತ್ತೆ. ತಕರಾರು ಇರೋದು ದಪ್ಪದಲ್ಲಿ. ಅದನ್ನು ನೋಡಬೇಕಾದರೆ ಮೆಷಿನ್ ತಂದು ರಸ್ತೆಗೆ ತೂತು ಕೊರೆದು ತುಂಡು ತೆಗೆಯಬೇಕು. ನಮ್ಮಲ್ಲಿ ಆ ಖರ್ಚೂ ಉಳಿದಿದೆ. ಗುಂಡಿಯೊಳಗೆ ಇಣುಕಿದರೆ ಸಾಕು. ಮೇಲೆ ಹೋಳಿಗೆಯಷ್ಟು ಡಾಂಬರು, ಕೆಳಗೆ ಹಳೇ ರಸ್ತೆಯ ಗುಂಡಿ ಕ್ಷೇಮವಾಗಿದೆ.

2022ರ ಜೂನ್ ನೆನಪಿದೆ ಅಲ್ವಾ? ಪ್ರಧಾನಿ ಬೆಂಗಳೂರಿಗೆ ಬರುತ್ತಾರೆ ಅಂತ ಸುಮಾರು 23 ಕೋಟಿ ಸುರಿದು ರಸ್ತೆಗಳಿಗೆ ಡಾಂಬರು ಬಳಿದರು. ಅವರು ದೆಹಲಿ ಸೇರಿದ ಕೆಲವೇ ದಿನಕ್ಕೆ ಜ್ಞಾನಭಾರತಿ ಕಡೆ ರಸ್ತೆ ಕಿತ್ತುಬಂತು. ಪ್ರಧಾನಿ ಕಚೇರಿಯೇ ವರದಿ ಕೇಳಿತು, ಎಂಜಿನಿಯರುಗಳಿಗೆ ನೋಟಿಸ್ ಹೋಯಿತು. ನಮ್ಮ ಬೀದಿಗೆ ಅಷ್ಟು ದೊಡ್ಡ ತಪಾಸಣೆಯವರನ್ನು ಎಲ್ಲಿಂದ ತರೋಣ?

ಕಾಗದದಲ್ಲಿ ನಮಗೂ ರಕ್ಷಣೆ ಉಂಟು. ಒಪ್ಪಂದದ ಅವಧಿಯೊಳಗೆ ರಸ್ತೆ ಹಾಳಾದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಅವರ ಠೇವಣಿ ಅಷ್ಟು ದಿನ ಸರ್ಕಾರದ ಕೈಲಿರುತ್ತೆ. ಗುತ್ತಿಗೆದಾರರಿಗೆ ಫೋನ್ ಮಾಡಿದರೆ, ‘ನೀರಿನವರು ಅಗೆದಿದ್ದು ಸಾರ್’ ಅಂದರು. ನೀರಿನವರು ಕೇಬಲ್‌ನವರ ಕಡೆ ಕೈ ತೋರಿಸಿದರು. ಕೇಬಲ್‌ನವರು ಫೋನ್ ಎತ್ತಲ್ಲ.

ತಮಾಷೆ ಸಾಕು. ಮೊನ್ನೆ ಅದೇ ಗುಂಡಿಗೆ ಸ್ಕೂಟರ್ ಇಳಿದು ಹೆಂಗಸೊಬ್ಬರು ಮೊಣಕೈ ಮುರಿದುಕೊಂಡರು. ಬೋರ್ಡಿನ ಕಂಬ ಹಿಡಿದೇ ಎದ್ದು ನಿಂತರು. ರಸ್ತೆ ಚೆನ್ನಾಗಿದೆ ಅಂತ ಮಾಡಿದವರೂ ಮಾಡಿಸಿದವರೂ ಕೂತು ಸಹಿ ಹಾಕಿಕೊಂಡಿದ್ದಾರೆ. ದುಡ್ಡು ಕೊಟ್ಟವರನ್ನು ಒಂದು ಮಾತು ಕೇಳಿಲ್ಲ. ಬಿಲ್ ಪಾಸ್ ಮಾಡೋ ಮೊದಲು ಒಂದು ಮಳೆಗಾಲ ಕಾಯೋಕೆ ಇವರಿಗೇನು ದಾಡಿ?