ಗಾರೆ ಗೋಡೆಗೆ ಸಿಮೆಂಟ್ ಬೇಡ: ಒಂದು ಸ್ಪಷ್ಟನೆ

‘ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಗಾರೆ ಕೆರೆದು ಸಿಮೆಂಟ್ ಬಳಿಸಿದರೆ ತೇವ ನಿಲ್ಲುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ನಾನೂ ನಂಬಿ ನಾಲ್ಕು ಗುಂಪುಗಳಿಗೆ ಕಳುಹಿಸಿದ್ದೆ. ಅದು ತಪ್ಪು.

1898ರ ಪ್ಲೇಗ್ ನಂತರ ಬೆಳೆದ ಈ ಬಡಾವಣೆಗಳ ಹಳೆಯ ಮನೆಗಳಲ್ಲಿ ಹೆಚ್ಚಿನವು ಸುಣ್ಣದ ಗಾರೆಯವು. ಇಟ್ಟಿಗೆ ನೆಲದಿಂದ ಹೀರಿದ ನೀರು ಸುಣ್ಣದ ಮೂಲಕ ಆರಿಹೋಗುತ್ತದೆ. ಗಡುಸಾದ ಸಿಮೆಂಟ್ ಪದರ ಆ ದಾರಿಯನ್ನೇ ಮುಚ್ಚುತ್ತದೆ. ತೇವ ಒಳಗೆ ಉಳಿದು ಇನ್ನೂ ಮೇಲೇರುತ್ತದೆ, ಉಪ್ಪು ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. (ಹೊರಗೆ ಮಾತ್ರ ಕೆಲಕಾಲ ಚೆಂದ ಕಾಣುತ್ತದೆ, ನಾವು ಮೋಸ ಹೋಗುವುದು ಅಲ್ಲೇ.) ಮೊದಲು ಚಾವಣಿಯ ಸೋರಿಕೆ, ಗೋಡೆಯ ಬುಡದಲ್ಲಿ ನಿಲ್ಲುವ ಮಳೆನೀರನ್ನು ಸರಿಪಡಿಸಿ, ಬಳಿಕ ಸುಣ್ಣದ ಗಾರೆಯನ್ನೇ ಬಳಿಸಿ.

ಆ ಸಂದೇಶ ನಿಮ್ಮ ಮೊಬೈಲ್‌ನಲ್ಲಿದ್ದರೆ ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ.