ಜನವರಿ 26: ಆಸ್ಟ್ರೇಲಿಯಾ ತನ್ನ ರಾಷ್ಟ್ರೀಯ ದಿನವನ್ನು ಬದಲಿಸಬೇಕೆ?

ನಾವಿಲ್ಲಿ ಗಣರಾಜ್ಯೋತ್ಸವದ ಪರೇಡ್ ನೋಡುವ ದಿನವೇ ಆಸ್ಟ್ರೇಲಿಯಾದಲ್ಲೂ ರಜೆ, ಅಲ್ಲೂ ಬಾವುಟ, ಅಲ್ಲೂ ಭಾಷಣ. 1788ರ ಜನವರಿ 26ರಂದು ಆರ್ಥರ್ ಫಿಲಿಪ್ ಎಂಬ ನೌಕಾಧಿಕಾರಿ ಬ್ರಿಟನ್ನಿನ ಕೈದಿಗಳನ್ನು ಹೊತ್ತ ಹನ್ನೊಂದು ಹಡಗುಗಳ ಮುಂದಾಳಾಗಿ ಬಂದು, ಸಿಡ್ನಿ ಕೋವ್‌ನ ದಡದಲ್ಲಿ ತನ್ನ ರಾಜನ ಬಾವುಟ ಏರಿಸಿದ. ಆ ದಡ ಗಾಡಿಗಲ್ ಜನರದ್ದು. ಆ ಖಂಡದಲ್ಲಿ ಮೂಲನಿವಾಸಿಗಳು ಅದಾಗಲೇ 50,000 ವರ್ಷಗಳಿಗೂ ಹೆಚ್ಚು ಕಾಲ ಬಾಳಿದ್ದರು. ಇಂದು ಅವರಲ್ಲಿ ಅನೇಕರು ಈ ದಿನವನ್ನು ಶೋಕ ದಿನ ಎನ್ನುತ್ತಾರೆ, ಕೆಲವರು ಆಕ್ರಮಣ ದಿನ ಎನ್ನುತ್ತಾರೆ, ಇನ್ನು ಕೆಲವರು ಉಳಿವಿನ ದಿನ ಎಂದು ಹಾಡಿ ಕುಣಿಯುತ್ತಾರೆ. ಹಾಗಾದರೆ ದೇಶದ ಹಬ್ಬವನ್ನು ಬೇರೆ ದಿನಕ್ಕೆ ಒಯ್ಯಬೇಕೆ?

ಪರ: ಬದಲಿಸಲೇಬೇಕು, ತಡವಾಗಿದೆ

ಮೊದಲನೆಯದಾಗಿ, ಜನವರಿ 26 ಆಸ್ಟ್ರೇಲಿಯಾದ ಹುಟ್ಟುಹಬ್ಬವೇ ಅಲ್ಲ. ಆ ದೇಶ ಹುಟ್ಟಿದ್ದು 1901ರ ಜನವರಿ 1ರಂದು, ಆರು ವಸಾಹತುಗಳು ಸೇರಿ ಒಕ್ಕೂಟವಾದಾಗ. 26ಕ್ಕೆ ಶುರುವಾದದ್ದು ನ್ಯೂ ಸೌತ್ ವೇಲ್ಸ್ ಎಂಬ ಒಂದು ಕೈದಿಗಳ ವಸಾಹತು. ಅದರ ವಿಧ್ಯುಕ್ತ ಘೋಷಣೆಯೂ ಆದದ್ದು ಫೆಬ್ರವರಿ 7ರಂದು. ಬಹುಕಾಲ ಇದು ಸಿಡ್ನಿಯವರ ಆಚರಣೆಯಾಗಿಯೇ ಉಳಿದಿತ್ತು. 1915ರಲ್ಲಿ ಯುದ್ಧದ ಗಾಯಾಳುಗಳಿಗೆ ಹಣ ಕೂಡಿಸಲು ‘ಆಸ್ಟ್ರೇಲಿಯಾ ದಿನ’ ಮಾಡಿದ್ದು ಜುಲೈ 30ರಂದು. ಎಲ್ಲ ರಾಜ್ಯಗಳೂ 26ಕ್ಕೆ ಈ ಹೆಸರನ್ನು ಒಪ್ಪಿದ್ದು 1935ರಲ್ಲಿ. ಎಲ್ಲ ಕಡೆಯೂ ಅದೇ ದಿನ ರಜೆ ಕೊಡತೊಡಗಿದ್ದು 1994ರಿಂದ. ಪರಂಪರೆ ಮುರಿಯಬೇಡಿ ಎಂದು ಬೇಡುವವರು ಹೇಳುವ ಪರಂಪರೆಗೆ ನಲವತ್ತು ವರ್ಷವೂ ತುಂಬಿಲ್ಲ.

ಆ ಬಾವುಟ ಏರಿದ ಮರುವರ್ಷ ಸಿಡುಬು ಹಬ್ಬಿತು. ಸಿಡ್ನಿ ಸುತ್ತಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಅದಕ್ಕೆ ಬಲಿಯಾದರೆಂದು ಸ್ವತಃ ಫಿಲಿಪ್ ಅಂದಾಜು ಮಾಡಿದ್ದ. ಐವತ್ತು ವರ್ಷ ಕಳೆದು, 1838ರ ಇದೇ ಜನವರಿ 26ರಂದು ಸಿಡ್ನಿ ಸಂಭ್ರಮದಲ್ಲಿದ್ದಾಗ, ದೂರದ ಉತ್ತರ ಬಯಲಿನ ವಾಟರ್‌ಲೂ ಕ್ರೀಕ್ ಬಳಿ ಮೇಜರ್ ಜೇಮ್ಸ್ ನನ್‌ನ ಕುದುರೆ ಪೊಲೀಸರು ಕಾಮಿಲರಾಯ್ ಜನರ ಮೇಲೆ ಗುಂಡು ಹಾರಿಸಿದರು. ಎಷ್ಟು ಮಂದಿ ಸತ್ತರೆಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಅದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಇನ್ನೂ ನೂರು ವರ್ಷ ಮುಂದೆ ಬನ್ನಿ. 1938ರ ಜನವರಿ 26, ನೂರೈವತ್ತನೆಯ ವರ್ಷ. ಫಿಲಿಪ್ ಬಂದಿಳಿದ ದೃಶ್ಯವನ್ನು ಸಿಡ್ನಿಯಲ್ಲಿ ಮತ್ತೆ ಆಡಿ ತೋರಿಸಬೇಕೆಂದು ಸರ್ಕಾರ ತೀರ್ಮಾನಿಸಿತು. ಅದರಲ್ಲಿ ‘ಓಡಿಹೋಗುವವರ’ ಪಾತ್ರಕ್ಕೆ ಜನ ಬೇಕಲ್ಲ! ಒಳನಾಡಿನ ಮೆನಿಂಡೀ ಮೊದಲಾದ ಕಡೆಗಳಿಂದ ಮೂಲನಿವಾಸಿ ಗಂಡಸರನ್ನು ಕರೆತಂದು, ಆಟದ ದಿನದವರೆಗೆ ರೆಡ್‌ಫರ್ನ್ ಪೊಲೀಸರ ಕುದುರೆ ಲಾಯದಲ್ಲಿ ಇರಿಸಿದರು. ನೋಡುತ್ತಿದ್ದ ಸಾವಿರಾರು ಜನರ ಎದುರು ಅವರು ಬ್ರಿಟಿಷ್ ಸೈನಿಕರ ವೇಷಧಾರಿಗಳನ್ನು ಕಂಡು ದಡದಿಂದ ಹಿಮ್ಮೆಟ್ಟಬೇಕಿತ್ತು. ತಮ್ಮ ಅಜ್ಜಂದಿರ ಸೋಲನ್ನು ಅಭಿನಯಿಸಿ ತೋರಿಸುವುದು ಅವರಿಗೆ ಹಬ್ಬದ ದಿನ ಸಿಕ್ಕ ಕೆಲಸ.

ಅದೇ ದಿನ, ಮೆರವಣಿಗೆ ಹಾದುಹೋದ ಮೇಲೆ, ಎಲಿಜಬೆತ್ ಬೀದಿಯ ಆಸ್ಟ್ರೇಲಿಯನ್ ಹಾಲ್‌ನಲ್ಲಿ ಸುಮಾರು ನೂರು ಮೂಲನಿವಾಸಿಗಳು ಸೇರಿದರು. ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗ್ಯುಸನ್, ಮೆಲ್ಬರ್ನ್‌ನಿಂದ ಬಂದ ಹಿರಿಯ ವಿಲಿಯಂ ಕೂಪರ್. ಸಭಾಂಗಣಕ್ಕೆ ಅವರನ್ನು ಬಿಟ್ಟದ್ದು ಹಿಂಬಾಗಿಲಿನಿಂದ. ಅವರು ಕಪ್ಪು ಬಟ್ಟೆ ಧರಿಸಿ ಬನ್ನಿರೆಂದು ಕರೆ ಕೊಟ್ಟಿದ್ದರು, ಆ ದಿನವನ್ನು ಶೋಕ ದಿನವೆಂದು ಕರೆದರು. ಕೇಳಿದ್ದಾದರೂ ಏನು? ಶಿಕ್ಷಣ, ಪೂರ್ಣ ಪೌರತ್ವ, ಸಮಾನತೆ. ಅಷ್ಟೂ ವರ್ಷಗಳ ನಂತರ ಅವರ ಮೊಮ್ಮಕ್ಕಳಿಗೆ “ಹಳೆಯದನ್ನು ಮರೆತು ಬಾರ್ಬೆಕ್ಯೂಗೆ ಬನ್ನಿ” ಎನ್ನುವುದು ನನಗೆ ಸರಿಕಾಣದು.

ಭಾರತೀಯರಾದ ನಮಗೆ ಇದು ಬೇಗ ಅರ್ಥವಾಗಬೇಕು. 1930ರ ಜನವರಿ 26ನ್ನು ಪೂರ್ಣ ಸ್ವರಾಜ್ಯದ ದಿನವೆಂದು ನಮ್ಮವರೇ ಆರಿಸಿಕೊಂಡರು. ಆ ನೆನಪಿಗೇ 1950ರಲ್ಲಿ ಸಂವಿಧಾನ ಅದೇ ದಿನ ಜಾರಿಗೆ ಬಂತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಕೈಸೇರಿತು. ಆ ದಿನವನ್ನು ಕರ್ನಾಟಕದ ನಾಡಹಬ್ಬ ಮಾಡೋಣವೆಂದು ಯಾರಾದರೂ ಹೇಳಿದರೆ ನಾವು ಸುಮ್ಮನಿರುತ್ತೇವೆಯೇ?

ಜನವರಿ 26ಕ್ಕೆ ಪೌರತ್ವದ ಪ್ರಮಾಣವಚನ ಏರ್ಪಡಿಸುವ ರೂಢಿಯೂ ಇದೆ. ಹೊಸ ಪೌರರಲ್ಲಿ ಭಾರತದಿಂದ ಹೋದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಕನ್ನಡಿಗರೂ ಇದ್ದಾರೆ. 2017ರಲ್ಲಿ ಮೆಲ್ಬರ್ನ್‌ನ ಯಾರಾ ಮತ್ತು ಡೇರ್‌ಬಿನ್ ನಗರಸಭೆಗಳು ಆ ದಿನ ಸಮಾರಂಭ ಬೇಡವೆಂದಾಗ, ಪೌರತ್ವ ಸಮಾರಂಭ ನಡೆಸುವ ಅವುಗಳ ಅಧಿಕಾರವನ್ನೇ ಕೇಂದ್ರ ಸರ್ಕಾರ ಕಿತ್ತುಕೊಂಡಿತು. 2022ರ ಕೊನೆಗೆ ನಿಯಮ ಸಡಿಲವಾಗಿ, ಮೂರು ದಿನ ಹಿಂದೆ ಮುಂದೆ ಮಾಡಬಹುದೆಂದಾಯಿತು. ಮೂರು ದಿನ ಸರಿಯಬಹುದಾದರೆ ಮೂರು ತಿಂಗಳು ಏಕೆ ಸರಿಯಬಾರದು? 1967ರ ಮೇ 27ರಂದು ಜನಮತಗಣನೆಯಲ್ಲಿ ಶೇ 90ಕ್ಕೂ ಹೆಚ್ಚು ಮತದಾರರು ಮೂಲನಿವಾಸಿಗಳ ಪರ ನಿಂತರು. ಕಪ್ಪು ಬಿಳುಪು ಇಬ್ಬರೂ ಎದೆಯೆತ್ತಿ ನೆನೆಯಬಹುದಾದ ಇಂಥ ದಿನಗಳು ಆ ದೇಶದ ಚರಿತ್ರೆಯಲ್ಲೇ ಇವೆ.

ವಿರೋಧ: ಬೇಡ, ಈ ದಿನ ಇಲ್ಲೇ ಇರಲಿ

ಮೇಲೆ ಹೇಳಿದ ಒಂದೊಂದು ಸಂಗತಿಯೂ ನಿಜ. ಅದಕ್ಕಾಗಿಯೇ ದಿನ ಬದಲಿಸಬಾರದು ಎನ್ನುತ್ತೇನೆ.

ಬದಲಾವಣೆಯನ್ನು ವಿರೋಧಿಸುವವರೆಲ್ಲ ಬಿಳಿಯರೆಂದು ತಿಳಿಯಬೇಡಿ. ವಾರ್ಲ್‌ಪಿರಿ ಎಂಬ ಮೂಲನಿವಾಸಿ ಸಮುದಾಯದ ತಾಯಿಯ ಮಗಳಾದ ಸೆನೆಟರ್ ಜಸಿಂಟಾ ನಂಪಿಜಿನ್ಪಾ ಪ್ರೈಸ್ ಬಹಳ ಕಾಲದಿಂದ ಇದನ್ನು ವಿರೋಧಿಸುತ್ತ ಬಂದಿದ್ದಾರೆ. ದಿನಾಂಕದ ಜಗಳದಿಂದ ದೂರದ ಹಳ್ಳಿಗಳ ಹೆಂಗಸರು ಮಕ್ಕಳ ಕಷ್ಟ ತೀರದು, ಒಡಕು ಮಾತ್ರ ಹೆಚ್ಚುತ್ತದೆ ಎಂಬುದು ಅವರ ವಾದ. ಹಳ್ಳಿಗಳ ಕಷ್ಟದ ಬಗ್ಗೆ ಅವರ ಮಾತು ಒಪ್ಪುತ್ತೇನೆ. ಆದರೆ ಆ ದಿನ ಎಲ್ಲರೂ ಕೂಡಿ ಸಂಭ್ರಮಿಸಬಹುದು ಎಂಬಲ್ಲಿ ನನಗೂ ಅವರಿಗೂ ದಾರಿ ಬೇರೆ.

ನನ್ನ ಕಾರಣ ಇನ್ನೊಂದು. ಜನವರಿ 26 ಈಗ ಫಿಲಿಪ್‌ನ ದಿನವಷ್ಟೇ ಆಗಿ ಉಳಿದಿಲ್ಲ. ಮೂಲನಿವಾಸಿಗಳ ರಾಜಕಾರಣ ಬೆಳೆದದ್ದೇ ಈ ದಿನದ ಮೇಲೆ. 1938ರ ಶೋಕ ದಿನವನ್ನು ಮೇಲೆ ಓದಿದಿರಿ. 1972ಕ್ಕೆ ಬನ್ನಿ. ಭೂಮಿಯ ಹಕ್ಕು ಕೊಡುವುದಿಲ್ಲ, ಬೇಕಾದರೆ ಗುತ್ತಿಗೆಗೆ ಕೊಡುತ್ತೇವೆ ಎಂದು ಪ್ರಧಾನಿ ವಿಲಿಯಂ ಮ್ಯಾಕ್‌ಮಹಾನ್ ಘೋಷಿಸಿದ ಬೆನ್ನಿಗೇ ನಾಲ್ವರು ಯುವಕರು ಸಿಡ್ನಿಯಿಂದ ಕ್ಯಾನ್‌ಬೆರಾಕ್ಕೆ ಹೊರಟರು. ಸಂಸತ್ತಿನ ಎದುರಿನ ಹುಲ್ಲುಹಾಸಿನಲ್ಲಿ, ಜನವರಿ 26ರಂದು, ಕಡಲತೀರದಲ್ಲಿ ನೆರಳಿಗೆ ಬಳಸುವ ಒಂದು ದೊಡ್ಡ ಛತ್ರಿ ನೆಟ್ಟು ಕುಳಿತರು. ನಮ್ಮ ನೆಲದಲ್ಲೇ ನಾವು ಪರದೇಶಿಗಳಾಗಿದ್ದೇವೆ, ಆದ್ದರಿಂದ ಇದು ನಮ್ಮ ರಾಯಭಾರ ಕಚೇರಿ ಎಂದರು. ಅಲ್ಲಿ ಡೇರೆ ಹಾಕುವುದನ್ನು ತಡೆಯುವ ಕಾನೂನು ಆಗ ಇರಲಿಲ್ಲ. ಸರ್ಕಾರ ಹೊಸ ಕಾನೂನು ತಂದು ಜುಲೈನಲ್ಲಿ ಡೇರೆಗಳನ್ನು ಕೀಳಿಸಬೇಕಾಯಿತು. ಅವರು ಮತ್ತೆ ಮತ್ತೆ ಬಂದು ಕಟ್ಟಿದರು. ಅರ್ಧ ಶತಮಾನ ದಾಟಿದರೂ ಆ ಡೇರೆ ರಾಯಭಾರ ಅಲ್ಲೇ ಇದೆ.

1988ರಲ್ಲಿ ಇನ್ನೂರು ವರ್ಷದ ಅದ್ದೂರಿ ಆಚರಣೆಯ ದಿನ ಸಿಡ್ನಿಯಲ್ಲಿ ಸುಮಾರು 40,000 ಜನ ಮೂಲನಿವಾಸಿಗಳ ಮೆರವಣಿಗೆಯಲ್ಲಿ ನಡೆದರು. ಅದೇ ದಿನ ಬರ್ನಮ್ ಬರ್ನಮ್ ಎಂಬ ಹೋರಾಟಗಾರ ಇಂಗ್ಲೆಂಡಿನ ಡೋವರ್‌ಗೆ ಹೋಗಿ ತಮ್ಮ ಜನರ ಬಾವುಟ ನೆಟ್ಟು, ಆ ದೇಶವನ್ನು ಮೂಲನಿವಾಸಿಗಳ ಹೆಸರಿನಲ್ಲಿ ವಶಪಡಿಸಿಕೊಂಡಿದ್ದೇನೆ ಎಂದು ಸಾರಿದರು. 1992ರಿಂದ ಉಳಿವಿನ ದಿನದ ಸಂಗೀತ ಕಾರ್ಯಕ್ರಮಗಳು ಬಂದವು. ಇಂದು ಸಿಡ್ನಿಯ ವಿಕ್ಟೋರಿಯಾ ಪಾರ್ಕಿನಲ್ಲಿ ಯಾಬುನ್ ಹಬ್ಬಕ್ಕೆ ಸಾವಿರಾರು ಜನ ಸೇರುತ್ತಾರೆ.

ಇಷ್ಟೆಲ್ಲ ಸಾಧ್ಯವಾದದ್ದು ಸಂಭ್ರಮವೂ ಶೋಕವೂ ಒಂದೇ ದಿನ, ಒಂದೇ ಊರಿನಲ್ಲಿ, ಮುಖಾಮುಖಿ ನಿಂತದ್ದರಿಂದ. ಹಬ್ಬವನ್ನು ಮೇ ತಿಂಗಳಿಗೋ ಮಾರ್ಚ್‌ಗೋ ಒಯ್ದರೆ ಟಿ.ವಿ. ಕ್ಯಾಮೆರಾಗಳೂ ಅದರ ಹಿಂದೆ ಹೋಗುತ್ತವೆ. ಜನವರಿ 26 ಮಾಮೂಲಿ ಕೆಲಸದ ದಿನವಾಗುತ್ತದೆ, ಮೆರವಣಿಗೆಗೆ ಬರುವವರು ರಜೆ ಚೀಟಿ ಬರೆದು ಬರಬೇಕಾಗುತ್ತದೆ. ನಿರಾಳವಾಗುವವರು ಯಾರು? ಹಬ್ಬ ಮಾಡುವಾಗ ಮನಸ್ಸಿಗೆ ಚುಚ್ಚುತ್ತಿದ್ದವರು. ಅವರ ಸಂಕೋಚ ಕಳೆಯುವುದಕ್ಕೆ ನೊಂದವರು ತಮ್ಮ ದಿನವನ್ನು ಬಿಟ್ಟುಕೊಡಬೇಕೆ?

ಸಂಕೇತಗಳಿಂದ ಆಸ್ಟ್ರೇಲಿಯಾ ಎಷ್ಟು ಬೇಗ ತೃಪ್ತಿಗೊಳ್ಳುತ್ತದೆ ಎಂಬುದನ್ನು ನೋಡಿದ್ದೇವೆ. ಬಂಧನದಲ್ಲಿ ಮೂಲನಿವಾಸಿಗಳ ಸಾವಿನ ಬಗ್ಗೆ ತನಿಖೆ ನಡೆಸಿದ ಆಯೋಗ 1991ರಲ್ಲಿ 339 ಶಿಫಾರಸು ಮಾಡಿತು. ಆ ಬಳಿಕವೂ 500ಕ್ಕೂ ಹೆಚ್ಚು ಮಂದಿ ಬಂಧನದಲ್ಲೇ ತೀರಿಕೊಂಡಿದ್ದಾರೆ. ಸರ್ಕಾರವೇ ಮನೆಗಳಿಂದ ಕಿತ್ತೊಯ್ದ ಮೂಲನಿವಾಸಿ ಮಕ್ಕಳ ಪೀಳಿಗೆಗಳಿಗೆ 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು, ದೇಶ ಕಣ್ಣೀರಿಟ್ಟಿತು. ಹದಿನೈದು ವರ್ಷದ ನಂತರ, 2023ರ ಅಕ್ಟೋಬರ್ 14ರಂದು, ಸಂಸತ್ತಿಗೆ ಸಲಹೆ ನೀಡುವ ಒಂದು ಮೂಲನಿವಾಸಿ ಮಂಡಳಿ ಬೇಕೇ ಎಂದು ಕೇಳಿದಾಗ ಸುಮಾರು ಶೇ 60 ಮತದಾರರು ಬೇಡ ಎಂದರು. ಆರೂ ರಾಜ್ಯಗಳಲ್ಲಿ ಅದು ಬಿದ್ದುಹೋಯಿತು. ಆಕ್ರಮಣ ದಿನದ ಮೆರವಣಿಗೆಗಳಲ್ಲಿ ‘ದಿನ ಬದಲಿಸಿ’ ಎನ್ನುವುದಕ್ಕಿಂತ ‘ರದ್ದು ಮಾಡಿ’ ಎಂಬ ಘೋಷಣೆ ಈಗ ಜೋರಾಗಿ ಕೇಳುತ್ತಿರುವುದು ಸುಮ್ಮನಲ್ಲ.

ಪಕ್ಕದ ನ್ಯೂಜಿಲೆಂಡ್ ನೋಡಿ. ಅಲ್ಲಿನ ರಾಷ್ಟ್ರೀಯ ದಿನ ಫೆಬ್ರವರಿ 6. 1840ರಲ್ಲಿ ಮಾವೊರಿ ಮುಖಂಡರೂ ಬ್ರಿಟಿಷ್ ರಾಜಪ್ರತಿನಿಧಿಯೂ ವೈಟಂಗಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ದಿನ. ಪ್ರತಿ ವರ್ಷ ಮಂತ್ರಿಗಳು ಅಲ್ಲಿಗೆ ಹೋದಾಗ ಮಾವೊರಿಗಳು ಎದುರು ನಿಂತು, ಒಪ್ಪಂದದ ಮಾತು ಏನಾಯಿತೆಂದು ಕೇಳುತ್ತಾರೆ. ಅಲ್ಲಿ ದಿನವೇ ಹೊಣೆ ನೆನಪಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಬ್ರಿಟಿಷ್ ಸರ್ಕಾರ ಅಂಥ ಒಪ್ಪಂದಕ್ಕೇ ಬರಲಿಲ್ಲ. ಆ ನೆಲ ಯಾರದ್ದೂ ಅಲ್ಲವೆಂಬ ಹಳೆಯ ನೆಪವನ್ನು ಎಡ್ಡಿ ಮಾಬೊ ಹೂಡಿದ ದಾವೆಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ತಳ್ಳಿಹಾಕಿದ್ದು 1992ರಲ್ಲಿ. ವಿಕ್ಟೋರಿಯಾ ರಾಜ್ಯ 2025ರಲ್ಲಿ ಮೂಲನಿವಾಸಿಗಳೊಂದಿಗಿನ ಒಪ್ಪಂದಕ್ಕೆ ಕಾನೂನು ಮಾಡಿದೆ. ಕ್ವೀನ್ಸ್‌ಲ್ಯಾಂಡ್ ಇದ್ದ ಕಾನೂನನ್ನೂ 2024ರಲ್ಲಿ ರದ್ದು ಮಾಡಿದೆ. ಇಡೀ ದೇಶದ ಮಟ್ಟದಲ್ಲಂತೂ ಏನೂ ಇಲ್ಲ.

ಮೊದಲು ಆ ಒಪ್ಪಂದ ಆಗಲಿ. ಅದಕ್ಕೆ ಸಹಿ ಬೀಳುವ ದಿನ ಯಾವುದೋ, ಅದನ್ನು ಮೂಲನಿವಾಸಿಗಳೂ ಕೂತು ಗೊತ್ತುಮಾಡುತ್ತಾರಲ್ಲ, ಅದೇ ಹೊಸ ರಾಷ್ಟ್ರೀಯ ದಿನವಾಗಲಿ. ಅಲ್ಲಿಯವರೆಗೆ ಜನವರಿ 26ರ ಬೆಳಗ್ಗೆ ಸಿಡ್ನಿಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರು ಭಾರತದ ತ್ರಿವರ್ಣಕ್ಕೆ ವಂದಿಸಿದ ಮೇಲೆ ಮಕ್ಕಳನ್ನು ಕರೆದುಕೊಂಡು ಮೂಲನಿವಾಸಿಗಳ ಮೆರವಣಿಗೆಗೆ ಹೋಗಲಿ. ತಾವು ಮನೆ ಕಟ್ಟಿಕೊಂಡಿರುವ ನೆಲ ಯಾರದ್ದೆಂದು ಅಲ್ಲಿನ ಹಿರಿಯರ ಬಾಯಿಂದಲೇ ಕೇಳಿ ತಿಳಿಯಲಿ.